ವಿಹಾರ ಹಡಗಿನ ಮುಂಭಾಗದ ಕೋಣೆ: ಅಗ್ಗದ ದರದ ಹಿಂದಿನ ಲೆಕ್ಕ

ವಿತರಕರನ್ನೂ ಮುಖ್ಯ ಗಿರಾಕಿಗಳನ್ನೂ ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ಉದ್ಯಮ ವಲಯಕ್ಕೆ ಹೊಸತೇನಲ್ಲ. ಸಿಮೆಂಟು, ಬಣ್ಣ, ಟಯರು, ಪಂಪ್‌ಸೆಟ್ಟುಗಳ ವ್ಯವಹಾರದಲ್ಲಿ ಇರುವವರಿಗೆ ಇದು ಚಿರಪರಿಚಿತ. ಗೋವಾ, ಬ್ಯಾಂಕಾಕ್, ಸಿಂಗಪುರಗಳ ಸರದಿ ಮುಗಿದ ಮೇಲೆ ಹಲವು ಸಂಸ್ಥೆಗಳ ಕಣ್ಣು ವಿಹಾರ ಹಡಗುಗಳತ್ತ ಹೊರಳಿತು. 2005ರಲ್ಲಿ ಸ್ಟಾರ್ ಕ್ರೂಸಸ್ ಸಂಸ್ಥೆಯ ‘ಸೂಪರ್‌ಸ್ಟಾರ್ ಲಿಬ್ರಾ’ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಸಂಚರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕ್ರೂಸಸ್‌ನ ‘ಎಂಪ್ರೆಸ್’ ಅದೇ ಬಂದರಿನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಯಾನ ಆರಂಭಿಸಿತು. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳ ವ್ಯಾಪಾರಸ್ಥರಿಗೂ ಒಂದು ರಾತ್ರಿಯ ಪ್ರಯಾಣ ಮಾಡಿ ಮುಂಬಯಿಯಲ್ಲಿ ಹಡಗು ಹತ್ತುವುದು ಸಾಧ್ಯವಾಯಿತು.

ಹೀಗೆ ಹಡಗಿನ ಪ್ರವಾಸಕ್ಕೆ ಮುಂದಾಗುವ ಸಂಸ್ಥೆಯ ಕೈಗೆ ಏಜೆಂಟರ ದರಪಟ್ಟಿ ಬಂದೊಡನೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಅಳತೆ ಒಂದೇ, ಹಾಸಿಗೆ ಒಂದೇ, ಊಟೋಪಚಾರವೂ ಒಂದೇ. ಆದರೂ ಅನೇಕ ಹಡಗುಗಳಲ್ಲಿ ನಡುಭಾಗದ ಕೋಣೆಗೆ ಒಂದು ದರ, ಮುಂಭಾಗದ ಕೋಣೆಗೆ ಅದಕ್ಕಿಂತ ಕಡಿಮೆ ದರ. ಮೂವತ್ತು ನಲವತ್ತು ಕೋಣೆಗಳನ್ನು ಒಟ್ಟಿಗೆ ಗೊತ್ತುಪಡಿಸುವವರಿಗೆ ಈ ವ್ಯತ್ಯಾಸ ಸಣ್ಣ ಮೊತ್ತವಾಗುವುದಿಲ್ಲ. ಸಭೆಯಲ್ಲಿ ಮುಂದಿನ ಸಾಲು ಗಣ್ಯರಿಗೆ ಮೀಸಲು. ಬಸ್ಸಿನಲ್ಲಿ ಮುಂದಿನ ಆಸನಕ್ಕೆ ಪೈಪೋಟಿ. ಹಡಗಿನಲ್ಲಿ ಮುಂದಿನ ಸ್ಥಳವೇ ಅಗ್ಗಕ್ಕೆ ದೊರೆಯುವುದಾದರೆ ಬಿಡುವುದೇಕೆ ಎಂಬ ಆಲೋಚನೆ ಸಹಜವೇ.

ಆದರೆ ಅಗ್ಗವೇಕೆಂದು ವಿಚಾರಿಸದೆ ಒಂದು ಚೀಲ ಕಡಲೆಯನ್ನೂ ಕೊಳ್ಳದ ವರ್ತಕರು ಈ ಒಂದು ಖರೀದಿಯಲ್ಲಿ ಮಾತ್ರ ಕಾರಣ ಕೇಳದೆ ಸಹಿ ಹಾಕಿಬಿಡುತ್ತಾರೆ. ಕೆಟ್ಟ ಸರಕನ್ನು ಹಿಂದಿರುಗಿಸಬಹುದು. ಎಲ್ಲ ಕೋಣೆಗಳೂ ಭರ್ತಿಯಾಗಿರುವ ಹಡಗಿನಲ್ಲಿ, ನಡುಗಡಲಿನಲ್ಲಿ, ರಾತ್ರಿಯಿಡೀ ವಾಂತಿ ಮಾಡಿಕೊಂಡ ವಿತರಕರ ಪತ್ನಿಗೆ ಬೇರೆ ಕೋಣೆ ಕೊಡಿಸುವುದು ಯಾರಿಂದಲೂ ಆಗದ ಕೆಲಸ. ಹತ್ತು ವರ್ಷಗಳಿಂದ ತಪ್ಪದೆ ಹಣ ಪಾವತಿಸುತ್ತ ಬಂದ ವಿತರಕರು ಆ ಪ್ರವಾಸದಿಂದ ಯಾವ ಮನಸ್ಸಿನಿಂದ ಹಿಂದಿರುಗುತ್ತಾರೆ ಎಂಬುದು ಮುಂದಿನ ವರ್ಷದ ವಹಿವಾಟಿಗೆ ಸಂಬಂಧಿಸಿದ ಪ್ರಶ್ನೆ. ಕೋಣೆಯನ್ನು ಕೊಳ್ಳುವವರು ಒಬ್ಬರು, ಅದರಲ್ಲಿ ಮಲಗುವವರು ಇನ್ನೊಬ್ಬರು ಎಂಬುದೇ ಈ ವ್ಯವಹಾರದ ಸೂಕ್ಷ್ಮ.

ಏರಿಳಿಯುವ ಹಲಗೆಯ ತುದಿ

ಕಡಲಿನಲ್ಲಿ ಹಡಗು ಮುಖ್ಯವಾಗಿ ಎರಡು ಬಗೆಯಲ್ಲಿ ಓಲಾಡುತ್ತದೆ. ಎಡಕ್ಕೂ ಬಲಕ್ಕೂ ವಾಲುವುದು ಒಂದು. ಇದನ್ನು ನಾವಿಕರು ರೋಲಿಂಗ್ ಎನ್ನುತ್ತಾರೆ. ಮೂತಿ ಮೇಲೆದ್ದು ಹಿಂಬದಿ ತಗ್ಗುವುದು, ಮತ್ತೆ ಮೂತಿ ತಗ್ಗಿ ಹಿಂಬದಿ ಏಳುವುದು ಇನ್ನೊಂದು, ಇದು ಪಿಚಿಂಗ್. ಇಡೀ ಹಡಗು ಒಟ್ಟಾಗಿ ಏರಿ ಇಳಿಯುವುದೂ ಉಂಟು. ಅದು ಎಲ್ಲ ಕೋಣೆಗಳಿಗೂ ಸಮಾನವಾದುದರಿಂದ ಕೋಣೆಯ ಆಯ್ಕೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಪಿಚಿಂಗ್ ಎಂಬುದು ಉದ್ಯಾನಗಳಲ್ಲಿ ಮಕ್ಕಳು ಎದುರುಬದುರಾಗಿ ಕುಳಿತು ಆಡುವ ಏರಿಳಿಯುವ ಹಲಗೆಯನ್ನು ಹೋಲುತ್ತದೆ. ಹಲಗೆಯ ನಡುವೆ ನಿಂತವನಿಗೆ ಚಲನೆ ಅಷ್ಟಾಗಿ ತಿಳಿಯದು. ತುದಿಯಲ್ಲಿ ಕುಳಿತವನೇ ಎದ್ದು ಬೀಳುವವನು. 300 ಮೀಟರ್ ಉದ್ದದ ಹಡಗೊಂದು ಕೇವಲ 1 ಡಿಗ್ರಿಯಷ್ಟು ಮೂತಿಯೆತ್ತಿತು ಎಂದಿಟ್ಟುಕೊಳ್ಳೋಣ. ನಡುವಿನಿಂದ 10 ಮೀಟರ್ ದೂರದಲ್ಲಿರುವ ಕೋಣೆ ಸುಮಾರು 17 ಸೆಂಟಿಮೀಟರ್ ಮೇಲೇರುತ್ತದೆ. 120 ಮೀಟರ್ ಮುಂದಿರುವ ಕೋಣೆ 2 ಮೀಟರಿಗೂ ತುಸು ಹೆಚ್ಚು ಏರುತ್ತದೆ. ಮೂತಿ ಅಷ್ಟೇ ತಗ್ಗಿದಾಗ ಅಷ್ಟೇ ಕೆಳಗಿಳಿಯುತ್ತದೆ. ಅಂದರೆ ಒಟ್ಟು ಏರಿಳಿತ 4 ಮೀಟರಿಗೂ ಮಿಗಿಲು. ಮಲಗಿದ್ದವರನ್ನು ಹಾಸಿಗೆ ಸಮೇತ ಮನೆಯ ಮಾಳಿಗೆಗೆ ಏರಿಸಿ, ಮರುಕ್ಷಣ ನೆಲಕ್ಕಿಳಿಸಿ, ಮತ್ತೆ ಏರಿಸಿದಂತೆ. ಘಟ್ಟದ ರಸ್ತೆಯಲ್ಲಿ ಬಸ್ಸಿನ ಕೊನೆಯ ಸಾಲಿನಲ್ಲಿ, ಹಿಂದಿನ ಚಕ್ರಗಳಿಗೂ ಆಚೆ ಕುಳಿತು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದವರಿಗೆ ಈ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಡಗಿನಲ್ಲಿ ಮೊದಲ ಸಾಲು ಮತ್ತು ಕೊನೆಯ ಸಾಲು ಎರಡಕ್ಕೂ ಆ ಗತಿ.

ಸಣ್ಣ ಹಡಗಿನಲ್ಲಿ ತುದಿಯು ನಡುವಿನಿಂದ ಅಷ್ಟು ದೂರವಿರುವುದಿಲ್ಲ, ಆದುದರಿಂದ ಏರಿಳಿತ ಕಡಿಮೆ ಎಂದು ವಾದಿಸಬಹುದು. ಆದರೆ ಅದೇ ಅಲೆಗೆ ಸಣ್ಣ ಹಡಗು ಹೆಚ್ಚು ಡಿಗ್ರಿ ತಲೆಯೆತ್ತುತ್ತದೆ. 1990ರಲ್ಲಿ ನಿರ್ಮಾಣವಾದ ‘ಎಂಪ್ರೆಸ್’ ಸುಮಾರು 211 ಮೀಟರ್ ಉದ್ದದ್ದು. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ 365 ಮೀಟರ್. ಎರಡರ ಮುಂಭಾಗದ ಕೋಣೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇಲ್ಲಿ ಏಜೆಂಟರ ಒಂದು ಮಾತನ್ನು ಪರಿಶೀಲಿಸಬೇಕು. ‘ಹಡಗಿಗೆ ಸ್ಟೆಬಿಲೈಜರ್ ಇದೆ, ಅಲುಗಾಟವೇ ತಿಳಿಯುವುದಿಲ್ಲ’ ಎಂಬುದು ಅವರ ಸಾಮಾನ್ಯ ಭರವಸೆ. ಇದು ಅರ್ಧ ಸತ್ಯ. ಸ್ಟೆಬಿಲೈಜರ್ ಎಂದರೆ ನೀರಿನೊಳಗೆ ಹಡಗಿನ ಎರಡೂ ಪಕ್ಕೆಗಳಿಂದ ಹೊರಚಾಚುವ ರೆಕ್ಕೆಗಳು. ಹಡಗು ಮುಂದೆ ಸಾಗುವಾಗ ಅವು ನೀರನ್ನು ಒತ್ತಿ, ಪಕ್ಕದ ವಾಲಾಟವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಮೂವತ್ತು ನಲವತ್ತು ಮೀಟರ್ ಅಗಲದ ಒಡಲು ವಾಲುವುದನ್ನು ತಡೆಯಲು ಅವುಗಳ ಬಲ ಸಾಕು. ಮುನ್ನೂರು ಮೀಟರ್ ಉದ್ದದ ಹಡಗಿನ ಮೂತಿ ಏಳುವುದನ್ನು, ನಡುವಿನಲ್ಲಿ ಇರುವ ಈ ರೆಕ್ಕೆಗಳು ತಡೆಯಲಾರವು. ಹೀಗಾಗಿ ಸ್ಟೆಬಿಲೈಜರಿನ ಪ್ರಯೋಜನ ಮುಂಭಾಗದ ಕೋಣೆಗೆ ಅರ್ಧ ಮಾತ್ರ ಸಲ್ಲುತ್ತದೆ.

ಎತ್ತರದ ಪ್ರಶ್ನೆ ಬೇರೆ. ಪಿಚಿಂಗ್‌ನ ಏರಿಳಿತಕ್ಕೆ ಅಂತಸ್ತು ಅಷ್ಟಾಗಿ ಮುಖ್ಯವಲ್ಲ. ಪಕ್ಕದ ವಾಲಾಟಕ್ಕೆ ಅದೇ ಮುಖ್ಯ. ಹಡಗು 3 ಡಿಗ್ರಿ ವಾಲಿದರೆ ವಾಲುವ ಕೇಂದ್ರದಿಂದ 20 ಮೀಟರ್ ಎತ್ತರದಲ್ಲಿರುವ ಕೋಣೆ ಒಂದು ಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಕೆಳಗಿನ ಅಂತಸ್ತಿನವರಿಗೆ ಆ ಸರಿದಾಟ ಅತ್ಯಲ್ಪ. ಆದುದರಿಂದ ಅತ್ಯಂತ ಮೇಲಿನ ಅಂತಸ್ತಿನ, ಅತ್ಯಂತ ಮುಂದಿನ ಕೋಣೆಗೆ ಎರಡೂ ಚಲನೆಗಳು ಪೂರ್ಣ ಪ್ರಮಾಣದಲ್ಲಿ ಲಭ್ಯ. ಅನೇಕ ಹಡಗುಗಳಲ್ಲಿ ದುಬಾರಿ ಸೂಟ್‌ಗಳ ಒಂದು ಗುಂಪು ಇರುವುದೂ ಅಲ್ಲಿಯೇ! ಸಂಸ್ಥೆಯ ಅತಿ ಹೆಚ್ಚು ಮಾರಾಟ ಮಾಡಿದ ವಿತರಕರಿಗೆ ಬಹುಮಾನವಾಗಿ ಆ ಸೂಟನ್ನು ಕೊಡುವವರು ಇದನ್ನು ತಿಳಿದೇ ಕೊಡುವುದು ಲೇಸು.

ಯಾರಿಗೆ ತಲೆ ಸುತ್ತುತ್ತದೆ

ಕಿವಿಯೊಳಗಿನ ಸಮತೋಲನದ ಅಂಗ ಚಲನೆಯನ್ನು ಸೂಚಿಸುತ್ತಿರುವಾಗ ಕಣ್ಣಿಗೆ ನಿಶ್ಚಲವಾದ ಗೋಡೆ ಕಂಡರೆ ಮೆದುಳಿಗೆ ಬರುವ ವರದಿಗಳು ಪರಸ್ಪರ ತಾಳೆಯಾಗುವುದಿಲ್ಲ. ಕಡಲಬೇನೆಯ ಮೂಲ ಇದು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಕೆಲವರಿಗೆ ಸಂಕಟ ಹೆಚ್ಚುವುದು, ಹೊರಗೆ ಬಂದು ದಿಗಂತವನ್ನು ನೋಡಿದರೆ ತಗ್ಗುವುದು ಇದರಿಂದಲೇ. ಐದಾರು ಸೆಕೆಂಡಿಗೊಮ್ಮೆ ಬರುವ ನಿಧಾನವಾದ ಏರಿಳಿತವೇ ಅತಿ ಹೆಚ್ಚು ಬಾಧಿಸುತ್ತದೆ ಎಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಅದಕ್ಕಿಂತ ವೇಗವಾದ ಕುಲುಕಾಟ ಮೈಯನ್ನು ನೋಯಿಸಬಹುದು, ಆದರೆ ಅಷ್ಟಾಗಿ ವಾಂತಿ ತರಿಸುವುದಿಲ್ಲ. ಪಕ್ಕಕ್ಕೆ ವಾಲುವುದಕ್ಕಿಂತ ಮೇಲೆ ಕೆಳಗೆ ಚಲಿಸುವುದು ಹೆಚ್ಚು ಹಾನಿಕರ ಎಂಬುದೂ ಆ ಪ್ರಯೋಗಗಳಿಂದ ತಿಳಿದ ಅಂಶ. ಮುಂಭಾಗದ ಕೋಣೆಯಲ್ಲಿ ಹೆಚ್ಚಾಗುವುದು ಈ ಮೇಲೆ-ಕೆಳಗಿನ ಚಲನೆಯೇ.

ವಯಸ್ಸಾದವರಿಗೆ ಬಾಧೆ ಹೆಚ್ಚೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವ ಇದಕ್ಕೆ ವ್ಯತಿರಿಕ್ತ. ಎರಡು ವರ್ಷದೊಳಗಿನ ಕೂಸುಗಳಿಗೆ ಕಡಲಬೇನೆ ಅಪರೂಪ. ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ಅತಿ ಹೆಚ್ಚು. ವಯಸ್ಸಾದಂತೆ ಕಡಿಮೆಯಾಗುತ್ತ ಹೋಗುತ್ತದೆ. ಪುರುಷರಿಗಿಂತ ಸ್ತ್ರೀಯರಿಗೆ ಬಾಧೆ ಹೆಚ್ಚು. ಆದುದರಿಂದ ಅರವತ್ತೈದರ ಹಿರಿಯ ವರ್ತಕರು ಮುಂಭಾಗದಲ್ಲಿ ಗೊರಕೆ ಹೊಡೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಮಗಳೂ ಮೊಮ್ಮಕ್ಕಳೂ ತಲೆಯೆತ್ತದೆ ಮಲಗಿರುವುದು ಅಸಂಭವವೇನಲ್ಲ. ಹಿರಿಯರಿಗೆ ಇರುವ ಅಪಾಯ ಬೇರೆ: ನೆಲ ಏರಿಳಿಯುವಾಗ ಸ್ನಾನದ ಕೋಣೆಯಲ್ಲಿ ಕಾಲು ಜಾರುವುದು. ಮಂಡಿನೋವಿನವರಿಗೆ ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. ಬಹಳಷ್ಟು ಹಡಗುಗಳಲ್ಲಿ ರಂಗಮಂದಿರ ಮುಂಭಾಗದಲ್ಲಿ, ಮುಖ್ಯ ಭೋಜನಶಾಲೆ ಹಿಂಭಾಗದಲ್ಲಿ ಇರುತ್ತದೆ. ಒಂದು ದಿಕ್ಕಿಗೆ 150 ಮೀಟರ್ ಎಂದು ಹಿಡಿದರೂ ಮೂರು ಹೊತ್ತಿನ ಊಟ ತಿಂಡಿಗೆ ದಿನಕ್ಕೆ 900 ಮೀಟರ್ ಆಯಿತು.

ಬೇನೆಗೆ ಮಾತ್ರೆಗಳುಂಟು. ಆದರೆ ಅವನ್ನು ಸಂಕಟ ಆರಂಭವಾಗುವ ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ರಕ್ತದೊತ್ತಡ, ಕಣ್ಣಿನ ಒತ್ತಡ ಮುಂತಾದವುಗಳಿಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಕೊಳ್ಳತಕ್ಕದ್ದು. ವಿತರಕರ ಸಮಾವೇಶದ ಭಾಷಣಗಳನ್ನು ಮುಂಭಾಗದ ಸಭಾಂಗಣದಲ್ಲಿ ಏರ್ಪಡಿಸುವ ವ್ಯವಸ್ಥಾಪಕರಿಗೂ ಇದು ನೆನಪಿರಬೇಕು. ಅರ್ಧ ಸಭೆ ಮಾತ್ರೆಯಿಂದ ತೂಕಡಿಸುತ್ತ, ಉಳಿದರ್ಧ ಮಾತ್ರೆ ನುಂಗದೆ ಬಾಗಿಲತ್ತ ನೋಡುತ್ತ ಕುಳಿತಿರುವಾಗ ಹೊಸ ಸರಕಿನ ಗುಣಗಾನ ಯಾರ ಕಿವಿಗೆ ಬೀಳಬೇಕು?

ಮುಂಜಾನೆಯ ಸದ್ದು

ಚಲನೆಯ ನಂತರದ ಸಂಗತಿ ಸದ್ದು. ಹಡಗಿನ ಮೂತಿಯ ಕೆಳಭಾಗದಲ್ಲಿ ಒಡಲಿನ ಆರಪಾರ ಸುರಂಗಗಳನ್ನು ಕೊರೆದು, ಅವುಗಳೊಳಗೆ ಬೋ ಥ್ರಸ್ಟರ್ ಎಂಬ ಪಂಖಗಳನ್ನು ಕೂರಿಸಿರುತ್ತಾರೆ. ಬಂದರಿನಲ್ಲಿ ಹಡಗನ್ನು ಪಕ್ಕಕ್ಕೆ ಸರಿಸಿ ದಕ್ಕೆಗೆ ತಾಗಿಸುವುದು ಇವುಗಳ ಕೆಲಸ. ದೊಡ್ಡ ಹಡಗಿನ ಒಂದೊಂದು ಥ್ರಸ್ಟರಿನ ಶಕ್ತಿ 2 ಮೆಗಾವ್ಯಾಟ್ ಅಥವಾ ಅದಕ್ಕೂ ಹೆಚ್ಚು. ತೋಟದ ಭಾಷೆಯಲ್ಲಿ ಹೇಳುವುದಾದರೆ 5 ಎಚ್‌ಪಿಯ ಐನೂರಕ್ಕೂ ಹೆಚ್ಚು ಪಂಪ್‌ಸೆಟ್ಟುಗಳು ಒಂದೇ ಕಡೆ ಒಮ್ಮೆಲೇ ಚಾಲನೆಯಾದಂತೆ. ಹಡಗುಗಳು ಸಾಮಾನ್ಯವಾಗಿ ಬಂದರನ್ನು ಸೇರುವುದು ಮುಂಜಾನೆ ಐದು ಆರು ಗಂಟೆಗೆ. ಕೆಳಗಿನ ಅಂತಸ್ತಿನ ಮುಂಭಾಗದಲ್ಲಿ ಮಲಗಿದವರಿಗೆ ಮಂಚವೇ ನಡುಗಿ ಎಚ್ಚರವಾಗುತ್ತದೆ. ಹಿಂದಿನ ರಾತ್ರಿ ಔತಣ ಮುಗಿಸಿ ಒಂದು ಗಂಟೆಗೆ ಮಲಗಿದ ಅತಿಥಿಗಳು ಇದಕ್ಕೆ ಯಾರನ್ನು ಶಪಿಸುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ದಕ್ಕೆಯಿಲ್ಲದ ತಾಣಗಳಲ್ಲಿ ಲಂಗರಿನ ಸರಪಳಿಯ ಗಡಗಡ ಸದ್ದು ಇದರ ಜೊತೆಗೆ ಸೇರುತ್ತದೆ. ಲಂಗರಿನ ಯಂತ್ರವೂ ಸರಪಳಿಯ ಕೋಠಿಯೂ ಇರುವುದು ಮೂತಿಯಲ್ಲಿಯೇ. ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳ ಕಾರಣ ದೊಡ್ಡ ಹಡಗು ದಡಕ್ಕೆ ಬರಲಾರದು. ಹೊರಗಡಲಲ್ಲಿ ಲಂಗರು ಹಾಕಿಯೋ ಯಂತ್ರಬಲದಿಂದಲೋ ನಿಲ್ಲುತ್ತದೆ, ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದ್ವೀಪಕ್ಕೆ ಹೋಗುತ್ತಾರೆ. ಎದುರಲೆ ಜೋರಾಗಿದ್ದಾಗ ಮೂತಿ ನೀರಿಗೆ ಅಪ್ಪಳಿಸುವ ಸದ್ದು ಇನ್ನೊಂದು ತೆರನಾದದ್ದು. ಖಾಲಿ ಡ್ರಮ್ಮಿನ ಮೇಲೆ ಸುತ್ತಿಗೆ ಬಡಿದಂತೆ ಕೇಳಿಸುವ ಅದು ಮೊದಲ ಬಾರಿ ಹಡಗು ಹತ್ತಿದವರಲ್ಲಿ ಗಾಬರಿ ಹುಟ್ಟಿಸುತ್ತದೆ. ಅಪಾಯವೇನೂ ಇಲ್ಲವೆಂದು ಮೊದಲೇ ತಿಳಿಸಿದ್ದರೆ ಗಾಬರಿ ಕಡಿಮೆ.

ಮುಂಭಾಗದ ಸೊಗಸು

ಇಷ್ಟೆಲ್ಲ ಹೇಳಿದ ಮೇಲೆ ಮುಂಭಾಗದ ಕೋಣೆ ಯಾರಿಗೂ ಬೇಡವಾದ ಸರಕೆಂದು ತಿಳಿಯಬಾರದು. ಕೆಲವು ಹಡಗುಗಳಲ್ಲಿ ನೇರವಾಗಿ ಮುಂದಕ್ಕೆ ತೆರೆದುಕೊಳ್ಳುವ ಕಿಟಕಿಗಳ ಕೋಣೆಗಳಿವೆ. ಚಾಲನಾ ಕೊಠಡಿಯಲ್ಲಿ ಕಪ್ತಾನ ಕಾಣುವ ನೋಟವೇ ಅಲ್ಲಿರುವವರಿಗೂ ಕಾಣುತ್ತದೆ. ಬೆಳಗಿನ ಜಾವ ಕರಾವಳಿಯ ದೀಪಸ್ತಂಭಗಳು ಒಂದೊಂದಾಗಿ ಎದುರಾಗುವುದನ್ನು, ಬಂದರಿನ ಬಾಯಿ ಅಗಲವಾಗುತ್ತ ಬರುವುದನ್ನು ಹಾಸಿಗೆಯ ಮೇಲೆ ಕುಳಿತೇ ನೋಡಬಹುದು. ಪಕ್ಕದ ಕೋಣೆಗಳವರಿಗೆ ಈ ಭಾಗ್ಯವಿಲ್ಲ. ಓಣಿಯ ಕೊನೆಯಾದುದರಿಂದ ಬಾಗಿಲ ಮುಂದೆ ಜನರ ಓಡಾಟವೂ ಕಡಿಮೆ. ಮೂತಿಯ ಕಡೆಗೆ ಒಡಲು ಕಿರಿದಾಗುವ ಕಾರಣ ಕೆಲವು ಕೋಣೆಗಳ ಆಕಾರ ಓರೆಕೋರೆಯಾಗಿದ್ದು, ಅದೇ ದರಕ್ಕೆ ನಾಲ್ಕೈದು ಚದರ ಮೀಟರ್ ಹೆಚ್ಚು ಜಾಗ ದೊರೆಯುವುದೂ ಉಂಟು. ಜಾಣ ಪ್ರಯಾಣಿಕರು ಹುಡುಕುವುದು ಇಂಥವನ್ನೇ.

ಈ ಸೊಗಸಿಗೂ ಕೆಲವು ಷರತ್ತುಗಳಿವೆ. ಮುಂದಕ್ಕೆ ತೆರೆದ ಕಿಟಕಿಗಳ ಪರದೆಯನ್ನು ರಾತ್ರಿ ಮುಚ್ಚಿಡಬೇಕೆಂಬುದು ಹಡಗಿನ ನಿಯಮ. ಕೋಣೆಯ ಬೆಳಕು ಹೊರಬಿದ್ದರೆ ಕತ್ತಲಲ್ಲಿ ಕಡಲನ್ನು ಗಮನಿಸುವ ಅಧಿಕಾರಿಗಳ ದೃಷ್ಟಿಗೆ ಅಡ್ಡಿಯಾಗುತ್ತದೆ. ಅಂದರೆ ನಕ್ಷತ್ರಗಳನ್ನು ನೋಡಬೇಕಾದರೆ ಮೊದಲು ದೀಪ ಆರಿಸಬೇಕು. ಬಾಲ್ಕನಿಯ ಆಸೆಯಿಂದ ಹಣ ತೆರುವವರು ಗಾಳಿಯ ಲೆಕ್ಕವನ್ನೂ ಮಾಡಬೇಕು. ಹಡಗಿನ ವೇಗ 20 ನಾಟ್, ಎಂದರೆ ಗಂಟೆಗೆ 37 ಕಿಲೋಮೀಟರ್. ಎದುರುಗಾಳಿ 15 ನಾಟ್ ಇದ್ದರೆ ಮುಂಭಾಗದ ಬಾಲ್ಕನಿಯಲ್ಲಿ ಕುಳಿತವರ ಮುಖಕ್ಕೆ ಬಡಿಯುವ ಗಾಳಿ ಗಂಟೆಗೆ ಸುಮಾರು 65 ಕಿಲೋಮೀಟರ್. ಸ್ಕೂಟರಿನ ಮೇಲೆ ಆ ವೇಗದಲ್ಲಿ ಹೋಗುತ್ತ ಕಾಫಿ ಕುಡಿಯುವುದು ಹೇಗೋ ಹಾಗೆ. ಕೆಲವು ಹಡಗುಗಳಲ್ಲಿ ಮುಂಭಾಗದ ಬಾಲ್ಕನಿಗೆ ಗಾಜಿನ ಬದಲು ಉಕ್ಕಿನ ತಡೆಗೋಡೆ ಇರುವುದೂ ಇದೇ ಕಾರಣಕ್ಕೆ. ಕುಳಿತಾಗ ಕಡಲು ಕಾಣದು, ಕಾಣಬೇಕಾದರೆ ನಿಲ್ಲಬೇಕು. ಕೆಳ ಅಂತಸ್ತಿನ ದುಂಡು ಕಿಟಕಿಗಳಿಗೆ ಉಕ್ಕಿನ ಮುಚ್ಚಳಗಳಿರುತ್ತವೆ. ಕಡಲು ಕೆರಳಿದಾಗ ಸಿಬ್ಬಂದಿ ಅವನ್ನು ಮುಚ್ಚಿಬಿಡುತ್ತಾರೆ. ಕಡಲ ನೋಟದ ಕೋಣೆಯೆಂದು ಹಣ ಕೊಟ್ಟವರಿಗೆ ಆ ದಿನ ಉಳಿಯುವುದು ಒಳಕೋಣೆ.

ಕಡಲಿನ ವ್ಯವಹಾರದಲ್ಲಿ ಸ್ಥಳಕ್ಕೆ ತಕ್ಕ ದರ ಹಿಂದಿನಿಂದಲೂ ಬಂದದ್ದು. 1912ರಲ್ಲಿ ಮುಳುಗಿದ ‘ಟೈಟಾನಿಕ್’ನಲ್ಲಿ ಪ್ರಥಮ ದರ್ಜೆಯ ಕೋಣೆಗಳಿದ್ದುದು ನಡುಭಾಗದ ಮೇಲಿನ ಅಂತಸ್ತುಗಳಲ್ಲಿ, ಮೂರನೆಯ ದರ್ಜೆಯ ಒಂಟಿ ಗಂಡಸರನ್ನು ಮೂತಿಯ ಕಡೆಗೂ ಒಂಟಿ ಹೆಂಗಸರನ್ನೂ ಕುಟುಂಬಗಳನ್ನೂ ಹಿಂಭಾಗಕ್ಕೂ ಹಾಕಲಾಗಿತ್ತು. ಇಂಗ್ಲೆಂಡಿನಿಂದ ಮುಂಬಯಿಗೆ ಬರುತ್ತಿದ್ದ ಹಡಗುಗಳಲ್ಲಿ, ಹವಾನಿಯಂತ್ರಣವಿಲ್ಲದ ಕಾಲದಲ್ಲಿ, ಬಿಸಿಲು ತಾಗದ ಬಡಗು ಮಗ್ಗುಲಿನ ಕೋಣೆಗೆ ಬೇಡಿಕೆಯಿದ್ದುದು ಸಹಜ. ‘ಪಾಶ್’ ಎಂಬ ಇಂಗ್ಲಿಷ್ ಪದ ಅದರಿಂದಲೇ ಹುಟ್ಟಿತೆಂಬ ಕತೆ ಪ್ರಚಲಿತವಾಗಿದ್ದರೂ ಅದಕ್ಕೆ ಆಧಾರವಾಗಿ ಯಾವ ದಾಖಲೆಯೂ ದೊರೆತಿಲ್ಲ.

ಋತುವಿನ ಪ್ರಶ್ನೆ

ಕೋಣೆಗಿಂತ ದೊಡ್ಡ ಸಂಗತಿ ಕಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಆರ್ಭಟ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ನೂಲ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ಋತುವಿನ ಆರಂಭ. ವಿಹಾರ ಹಡಗುಗಳಿಗೂ ಈ ಪಂಚಾಂಗ ತಪ್ಪಿದ್ದಲ್ಲ. 2023ರ ಜೂನ್‌ನಲ್ಲಿ ‘ಎಂಪ್ರೆಸ್’ ಮುಂಬಯಿಯಿಂದಲ್ಲ, ಚೆನ್ನೈಯಿಂದ ಶ್ರೀಲಂಕೆಯ ಬಂದರುಗಳಿಗೆ ಸಂಚರಿಸಿತು. ನವ ಮಂಗಳೂರು ಬಂದರಿಗೆ ವಿದೇಶೀ ವಿಹಾರ ಹಡಗುಗಳು ಬರುವುದೂ ಮಳೆಗಾಲ ಕಳೆದ ಮೇಲೆಯೇ.

ಡಿಸೆಂಬರ್, ಜನವರಿಯಲ್ಲಿ ಅರಬ್ಬಿ ಸಮುದ್ರ ಬಹುತೇಕ ಶಾಂತ. ಆಗ ಮುಂಬಯಿ-ಗೋವಾ ಮಾರ್ಗದಲ್ಲಿ ಮುಂಭಾಗದ ಕೋಣೆಯನ್ನು ಕಡಿಮೆ ದರಕ್ಕೆ ಕೊಂಡವರು ನಷ್ಟಪಡುವ ಸಂಭವ ಕಡಿಮೆ. ಲಾಭದ ವ್ಯಾಪಾರವೆಂದೇ ಹೇಳಬಹುದು. ಆ ತಿಂಗಳುಗಳಲ್ಲಿಯೂ ಮಧ್ಯಾಹ್ನದ ಮೇಲೆ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬೀಸುವ ಕಾರಣ ದಕ್ಷಿಣಕ್ಕೆ ಹೋಗುವಾಗ ಅದು ಬೆನ್ನ ಹಿಂದೆ, ಮುಂಬಯಿಗೆ ಮರಳುವಾಗ ಎದುರಿಗೆ. ಹೋಗುವಾಗ ‘ಏನೂ ಗೊತ್ತಾಗಲಿಲ್ಲ’ ಎಂದವರು ಬರುವಾಗ ತುಸು ಸಪ್ಪಗಾದರೆ ಅಡುಗೆಯವರನ್ನು ದೂರಬೇಕಾಗಿಲ್ಲ.

ದರಪಟ್ಟಿಯನ್ನು ಓದುವ ಬಗೆ

ದರಪಟ್ಟಿಯಲ್ಲಿ ‘ಗ್ಯಾರಂಟಿ’ ಎಂಬ ಪದ ಕಂಡರೆ ನಿಂತು ಓದಬೇಕು. ವ್ಯಾಪಾರದ ಭಾಷೆಯಲ್ಲಿ ಗ್ಯಾರಂಟಿ ಎಂದರೆ ಖರೀದಿದಾರನಿಗೆ ಅಭಯ. ಇಲ್ಲಿ ಹಾಗಲ್ಲ. ಕೋಣೆಯ ದರ್ಜೆಯನ್ನು ಮಾತ್ರ ಕಂಪನಿ ಖಚಿತಪಡಿಸುತ್ತದೆ. ಕೋಣೆಯ ಸಂಖ್ಯೆಯನ್ನು ತನಗೆ ಅನುಕೂಲವಾದಾಗ, ಹಲವೊಮ್ಮೆ ಪ್ರಯಾಣದ ಕೆಲವೇ ದಿನ ಮೊದಲು, ತಾನೇ ನಿಗದಿಪಡಿಸುತ್ತದೆ. ಉಳಿದವರು ಆರಿಸಿಕೊಂಡು ಬಿಟ್ಟ ಕೋಣೆಗಳೇ ಈ ಪಾಲಿಗೆ ಬರುವುದು ಹೆಚ್ಚು, ಎಂದರೆ ಅತಿ ಮುಂದಿನವು, ಅತಿ ಹಿಂದಿನವು, ನೃತ್ಯಶಾಲೆಯ ಕೆಳಗಿನವು. ಅದೃಷ್ಟವಿದ್ದರೆ ಮೇಲಿನ ದರ್ಜೆಯೂ ದೊರೆಯಬಹುದು. ತಮ್ಮ ಸ್ವಂತ ಪ್ರವಾಸಕ್ಕೆ ಇಂಥ ಜೂಜಾಡುವುದು ಅವರವರ ಇಷ್ಟ. ಅತಿಥಿಗಳ ಹೆಸರಿನಲ್ಲಿ ಆಡುವುದು ಸಲ್ಲದು.

ಆದುದರಿಂದ ಮುಂಗಡ ಕೊಡುವ ಮೊದಲು ಕೋಣೆಗಳ ಸಂಖ್ಯೆಗಳನ್ನೂ ಅಂತಸ್ತುಗಳ ನಕಾಶೆಯನ್ನೂ ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಬಹುತೇಕ ಹಡಗುಗಳಲ್ಲಿ ಕೋಣೆಯ ಸಂಖ್ಯೆಯ ಮೊದಲ ಅಂಕಿಗಳು ಅಂತಸ್ತನ್ನು ಸೂಚಿಸುತ್ತವೆ. ಉಳಿದ ಅಂಕಿಗಳು ಮೂತಿಯಿಂದ ಆರಂಭವಾಗಿ ಹಿಂಬದಿಗೆ ಹೆಚ್ಚುತ್ತ ಹೋಗುತ್ತವೆ. 6010 ಎಂದರೆ ಆರನೆಯ ಅಂತಸ್ತಿನ ಮುಂಭಾಗ ಎಂದು ಊಹಿಸಬಹುದಾದರೂ ನಕಾಶೆಯೊಡನೆ ತಾಳೆ ನೋಡಿಯೇ ಒಪ್ಪಬೇಕು. ಆ ಕೋಣೆಯ ಮೇಲೇನಿದೆ, ಕೆಳಗೇನಿದೆ ಎಂಬುದು ಮುಂದಿನ ಪ್ರಶ್ನೆ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇದ್ದರೆ ಒಳ್ಳೆಯದು. ಮುಂಭಾಗದ ಮೇಲಂತಸ್ತಿನಲ್ಲಿ ಹಲವು ಹಡಗುಗಳು ವ್ಯಾಯಾಮಶಾಲೆ ಇಡುತ್ತವೆ. ಬೆಳಿಗ್ಗೆ ಆರಕ್ಕೆ ಯಾರೋ ಕಬ್ಬಿಣದ ಗುಂಡನ್ನು ನೆಲಕ್ಕೆ ಹಾಕಿದರೆ ಅದು ಕೆಳಗಿನವರ ತಲೆಯ ಮೇಲೆ. ಕೆಳಗೆ ರಂಗಮಂದಿರವಿದ್ದರೆ ರಾತ್ರಿ ಹನ್ನೊಂದರವರೆಗೆ ನಗಾರಿಯ ಸದ್ದು.

ಹಡಗಿನ ಗಾತ್ರವನ್ನು ಟನ್ನುಗಳಲ್ಲಿ ಹೇಳುವುದನ್ನು ಕಂಡು ಅದು ತೂಕವೆಂದು ಭಾವಿಸುವವರು ಬಹಳ. ‘ಎಂಪ್ರೆಸ್’ನ 48,500ರಷ್ಟಿರುವ ಒಟ್ಟು ಟನ್ನೇಜು ಅದರ ತೂಕವಲ್ಲ, ಒಳಗಿನ ಜಾಗವನ್ನು ಆಧರಿಸಿದ ಅಳತೆ. ದ್ರಾಕ್ಷಾರಸದ ಪೀಪಾಯಿಗಳನ್ನು ಎಣಿಸುತ್ತಿದ್ದ ಕಾಲದಿಂದ ಬಂದ ಪದವದು. ಟನ್ನೇಜು ಹೆಚ್ಚಿದ್ದಷ್ಟೂ ಹಡಗು ಕಡಿಮೆ ಅಲುಗುತ್ತದೆಂದು ಸ್ಥೂಲವಾಗಿ ನಂಬಬಹುದು, ಆದರೆ ಉದ್ದವನ್ನು ಕೇಳುವುದೇ ಹೆಚ್ಚು ಉಪಯುಕ್ತ.

ವಿತರಕರಿಗೆ ಕೊಡುವ ಕೋಣೆಗೆ ತೆರಿಗೆಯ ಮುಖವೂ ಇದೆ. 1961ರ ಆದಾಯ ತೆರಿಗೆ ಕಾಯ್ದೆಗೆ 194ಆರ್ ಕಲಂ ಸೇರಿ, 2022ರ ಜುಲೈ 1ರಿಂದ ಜಾರಿಗೆ ಬಂದ ವ್ಯವಸ್ಥೆಯಂತೆ, ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷವೊಂದರಲ್ಲಿ 20,000 ರೂಪಾಯಿ ಮೀರಿದ ಪ್ರಯೋಜನ ನೀಡುವವರು ಅದರ ಮೌಲ್ಯದ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲಿ ಲೆಕ್ಕಕ್ಕೆ ತರಬೇಕಾಯಿತು. ಪ್ರವಾಸವೂ ಇದರೊಳಗೆ ಬರುತ್ತದೆ. 2025ರ ಹೊಸ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಅವಶ್ಯ. ಇಲ್ಲಿ ಹೇಳಬೇಕಾದುದಿಷ್ಟೆ: ಕೋಣೆಯ ಬೆಲೆ ವಿತರಕರ ಆದಾಯದ ಲೆಕ್ಕಕ್ಕೆ ಸೇರುತ್ತದೆ. ದುಬಾರಿ ಸೂಟಿನಲ್ಲಿ ನಿದ್ದೆಗೆಟ್ಟವರು ಆ ಸೂಟಿನ ಬೆಲೆಗೆ ತೆರಿಗೆಯನ್ನೂ ಹೊರಬೇಕಾದರೆ ಸಂತೋಷಪಡಲಾರರು.

ಕೋಣೆಗಳ ಹಂಚಿಕೆಯನ್ನು ಏಜೆಂಟರಿಗೂ ಕಚೇರಿಯ ಗುಮಾಸ್ತರಿಗೂ ಬಿಟ್ಟುಬಿಡುವುದು ರೂಢಿ. ಆಂಗ್ಲ ಅಕ್ಷರಮಾಲೆಯ ಕ್ರಮದಲ್ಲಿ ಹೆಸರುಗಳನ್ನು ಜೋಡಿಸಿ, ನಕಾಶೆಯ ಮುಂಭಾಗದಿಂದ ತುಂಬುತ್ತ ಹೋಗುವುದು ಅವರ ಪದ್ಧತಿ. ಇದರ ಬದಲು ಆಮಂತ್ರಣದ ಜೊತೆಗೇ ಮೂರು ಪ್ರಶ್ನೆಗಳ ಚೀಟಿಯೊಂದನ್ನು ಕಳುಹಿಸಿದರೆ ಸಾಕು. ಬಸ್ಸು ಕಾರುಗಳಲ್ಲಿ ತಲೆಸುತ್ತು ಬರುವವರು ಯಾರಾದರೂ ಇದ್ದಾರೆಯೇ, ಮಂಡಿ ಅಥವಾ ಸೊಂಟದ ನೋವಿನವರಿದ್ದಾರೆಯೇ, ಮಕ್ಕಳು ಜೊತೆಗೆ ಬರುತ್ತಾರೆಯೇ. ಮೂರಕ್ಕೂ ಇಲ್ಲವೆಂದು ಉತ್ತರಿಸಿದವರಿಗೆ ಮುಂಭಾಗದ ಕೋಣೆಗಳು. ಅವರಲ್ಲಿ ಬೆಳಗಾಗೆದ್ದು ಕಡಲು ನೋಡುವ ಆಸೆಯವರು ಇದ್ದರೆ ಅವರು ಸಂಸ್ಥೆಗೆ ಕೃತಜ್ಞರಾಗಿಯೂ ಇರುತ್ತಾರೆ. ಉಳಿದವರಿಗೆ ನಡುಭಾಗದ, ಕೆಳ ಅಂತಸ್ತಿನ, ಕಿಟಕಿಯಿರುವ ಕೋಣೆಗಳು. ನಲವತ್ತರಲ್ಲಿ ಹತ್ತು ಹನ್ನೆರಡು ಕೋಣೆಗಳನ್ನಾದರೂ ಹೀಗೆ ಕಡಿಮೆ ದರದಲ್ಲಿ ತೆಗೆದುಕೊಳ್ಳಲು ಸಾಧ್ಯವಾಗುತ್ತದೆ. ಅದರಿಂದ ಉಳಿದ ಹಣವನ್ನು ನಡುಭಾಗದ ಕೋಣೆಗಳ ಹೆಚ್ಚುವರಿ ದರಕ್ಕೆ ಹೊಂದಿಸಿಕೊಳ್ಳಬಹುದು.

ಹೆಸರುಗಳನ್ನು ಬದಲಾಯಿಸಲು ಕಂಪನಿ ಕೊಡುವ ಕೊನೆಯ ದಿನಾಂಕವನ್ನು ಒಪ್ಪಂದದಲ್ಲಿ ಗುರುತಿಸಿಟ್ಟುಕೊಳ್ಳಬೇಕು. ಆ ದಿನಾಂಕ ದಾಟಿದ ಮೇಲೆ ಬರುವ ‘ನಮಗೆ ಬೇರೆ ಕೋಣೆ ಆಗಬಹುದೆ’ ಎಂಬ ದೂರವಾಣಿ ಕರೆಗೆ ಹಡಗಿನಲ್ಲಿ ಕೋಣೆ ಖಾಲಿ ಇದ್ದರೂ ಶುಲ್ಕವಿಲ್ಲದೆ ಉತ್ತರ ದೊರೆಯುವುದು ಕಷ್ಟ. ಪ್ರವಾಸದ ಮೇಲ್ವಿಚಾರಣೆಗೆ ಹೋಗುವ ಸಂಸ್ಥೆಯ ಪ್ರತಿನಿಧಿಗೆ ನಡುಭಾಗದಲ್ಲಿ ಒಂದು ಕೋಣೆಯನ್ನು ಕಾದಿರಿಸುವುದು ಒಳ್ಳೆಯ ಉಪಾಯ. ಮುಂಭಾಗದವರಲ್ಲಿ ಯಾರಿಗಾದರೂ ಮೊದಲ ರಾತ್ರಿಯೇ ತಾಳಲಾರದ ಸಂಕಟವಾದರೆ, ಹಡಗಿನ ಸ್ವಾಗತ ಕಚೇರಿಗೆ ತಿಳಿಸಿ, ಆ ಪ್ರತಿನಿಧಿ ತನ್ನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು ತಾನು ಮುಂದಕ್ಕೆ ಹೋಗಿ ಮಲಗಬಹುದು.